ನಾಳೆ ಬಾ

ಚಿಂತಾಮಣಿ ಸುತ್ತಮುತ್ತ ಏಳು ವರ್ಷ ನೆಟ್‌ವರ್ಕ್ ಮಾರ್ಕೆಟಿಂಗ್ ಮಾಡಿದೆ. ಸೋಪು, ಟೂತ್‌ಪೇಸ್ಟ್, ಡಬ್ಬಿಯಲ್ಲಿ ಪ್ರೋಟೀನ್ ಪುಡಿ. ಜನ ನನಗೆ ಜಾಸ್ತಿ ಹೇಳಿದ ಮಾತು ಯಾವುದು ಗೊತ್ತಾ? "ನಾಳೆ ಬಾಪ್ಪಾ."

ಈ ಮಾತು ನನಗೆ ಹೊಸದಲ್ಲ. ತೊಂಬತ್ತರ ದಶಕ, ನಾನಿನ್ನೂ ಪ್ರೈಮರಿ ಸ್ಕೂಲು. ನಮ್ಮೂರಿನ ಬಾಗಿಲುಗಳ ಮೇಲೆಲ್ಲ ಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದಿದ್ದರು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತೆ, ನಮ್ಮವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತೆ, ಓಗೊಟ್ಟರೆ ಕಥೆ ಮುಗೀತು. ಬರಹ ಓದಿದರೆ ವಾಪಸ್ ಹೋಗುತ್ತೆ. ಮರುದಿನ ಬಂದರೂ ಅದೇ ಬರಹ. ನಮ್ಮ ಕಡೆ ಮನೆಮಾತು ತೆಲುಗು ಇರೋರು ಜಾಸ್ತಿ ಅಲ್ವಾ, ಅವರ ಬಾಗಿಲಲ್ಲಿ 'ರೇಪು ರಾ'. ಪಕ್ಕದ ಮನೆಯಲ್ಲಿ ಎರಡೂ ಇತ್ತು. ಓದು ಬಾರದ ದೆವ್ವ ಬಂದರೆ ಏನು ಗತಿ ಅಂತ ಕೇಳಿ ಅಜ್ಜಿ ಕೈಲಿ ಬೈಸಿಕೊಂಡಿದ್ದೆ.

ಅಜ್ಜಿಯದು ಬೇರೆ ಲೆಕ್ಕ. ದೆವ್ವ ಒಂದೇ ಸಲ ಕೂಗುತ್ತೆ, ಮೂರು ಸಲ ಕೂಗಿದರೆ ಮನುಷ್ಯ. ಆದರೂ ಅನುಮಾನ ಬಂದರೆ ಕಾಲು ನೋಡು, ದೆವ್ವದ ಪಾದ ಹಿಂದುಮುಂದಾಗಿರುತ್ತೆ.

ಬೆಂಗಳೂರಲ್ಲಿ ನಮಗೆ ಟ್ರೈನಿಂಗ್ ಆಯಿತು. ಟೈ ಕಟ್ಟಿದ್ದ ಅಪ್‌ಲೈನ್, ಅಂದರೆ ಸರಪಳಿಯಲ್ಲಿ ನನ್ನ ಮೇಲಿದ್ದವರು, ಹೇಳಿದರು: ನೂರು ಹೆಸರಿನ ಪಟ್ಟಿ ಬರೀರಿ. ಮೊದಲು ಅತ್ತೆ, ಮಾವ, ಕ್ಲಾಸ್‌ಮೇಟು. ಪ್ರೀತಿಯಿಂದ ಹೆಸರು ಹಿಡಿದು ಮಾತಾಡಿಸಿ. ಬೇಡ ಅಂದರೆ ಮೂರು ಸಲ ಫಾಲೋಅಪ್. ಎಲ್ಲ ನೋಟ್ಸ್ ಬರೆದುಕೊಂಡೆ. ಅಜ್ಜಿ ಮಾತ್ರ ನೆನಪಾಗಲಿಲ್ಲ.

ನನ್ನ ಕೆಳಗೆ ಇಬ್ಬರನ್ನು ಸೇರಿಸಬೇಕು, ಎಡಕ್ಕೊಬ್ಬ, ಬಲಕ್ಕೊಬ್ಬ, ಅವರ ಕೆಳಗೆ ಇಬ್ಬಿಬ್ಬರು. ಒಂದು ರಾತ್ರಿ ಕೂತು ಗುಣಿಸಿದೆ. ಇಪ್ಪತ್ತನೇ ಸಾಲಿಗೇ 10,48,576 ಜನ ಬೇಕು, ಮೇಲಿನವರನ್ನೂ ಕೂಡಿಸಿದರೆ ಇಪ್ಪತ್ತು ಲಕ್ಷ ದಾಟುತ್ತೆ. 2011ರ ಜನಗಣತಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಜನವೇ ಹನ್ನೆರಡೂವರೆ ಲಕ್ಷ! ಇಲ್ಲೇ ಪಕ್ಕದ ಕೈವಾರವೇ ಏಕಚಕ್ರಪುರ ಅಂತಾರೆ. ಭೀಮ ಬಕಾಸುರನನ್ನು ಕೊಂದ ಜಾಗ, ಶಿವರಾತ್ರಿ ಹತ್ತಿರ ಬಂದರೆ ಬೆಟ್ಟದ ಬಂಡೆಯಲ್ಲಿ ಈಗಲೂ ರಕ್ತ ಜಿನುಗುತ್ತೆ ಅಂತ ಹಿರಿಯರ ಮಾತು. ಆ ಬಕಾಸುರನೇ ವಾಸಿ. ಗಾಡಿ ಅನ್ನ, ಗಾಡಿ ಎಳೆಯೋ ಪ್ರಾಣಿ, ಹೊಡೆದುಕೊಂಡು ಬಂದ ಮನುಷ್ಯ. ಎಷ್ಟೇ ತಿಂದರೂ ಸರದಿಗೆ ಒಂದೇ ಮನೆ.

2021ರ ಡಿಸೆಂಬರಿನಲ್ಲಿ ನಮ್ಮಂಥ ನೇರ ಮಾರಾಟದವರಿಗೆ ಕೇಂದ್ರದ ನಿಯಮ ಬಂತು. ಸೇರೋಕೆ ದುಡ್ಡು ಕೇಳಬಾರದು. ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ ಯಾರ ಮನೆಗೂ ಹೋಗಬಾರದು. ಸರ್ಕಾರ ಬರೆದ 'ನಾಳೆ ಬಾ' ಅಂತ ನಾನು ನಕ್ಕೆ. ಅಷ್ಟರಲ್ಲಿ ನನ್ನ ನೂರರ ಪಟ್ಟಿಯಲ್ಲಿ ಫೋನ್ ಎತ್ತೋರು ಒಂಬತ್ತೇ ಜನ ಉಳಿದಿದ್ದರು.

ಕೈವಾರದ ಹತ್ತಿರ ಒಂದು ಹಳ್ಳಿಯಲ್ಲಿ ದೊಡ್ಡಮ್ಮ ಇದ್ದಾರೆ. ನನಗೋಸ್ಕರ ಆರು ಡಬ್ಬಿ ಪುಡಿ ಕೊಂಡಿದ್ದರು. ಪುಡಿ ಎಮ್ಮೆಗೆ ಹೋಯಿತು, ಡಬ್ಬಿಗಳಲ್ಲಿ ಈಗ ಹುರುಳಿ, ಅವರೆಬೇಳೆ, ಒಂದರಲ್ಲಿ ಬೀಗದ ಕೈ. ಆ ಕೆಲಸ ಬಿಟ್ಟು ಆರು ತಿಂಗಳಾದ ಮೇಲೆ ಸುಮ್ನೆ ಮಾತಾಡಿಸೋಣ ಅಂತ ಹೋದೆ. ಕತ್ತಲಾಗಿತ್ತು. "ದೊಡ್ಡಮ್ಮಾ" ಅಂದೆ. ಒಳಗೆ ಟಿವಿ ದನಿ ನಿಂತಿತು. ಮತ್ತೆ ಕೂಗಿದೆ. ಮೂರನೇ ಸಲಕ್ಕೆ ಕಿಟಕಿ ಸಂದಿಯಲ್ಲಿ ಟಾರ್ಚ್ ಬಿತ್ತು. ಬೆಳಕು ನನ್ನ ಕಾಲ ಮೇಲೆ ಬೀಳಲಿಲ್ಲ. ಎಡಗೈ ನೋಡಿತು, ಬಲಗೈ ನೋಡಿತು, ಹೆಗಲು ನೋಡಿತು. ಬ್ಯಾಗ್ ಇಲ್ಲ ಅಂತ ಖಾತ್ರಿಯಾದ ಮೇಲೆ ಚಿಲಕ ತೆಗೆದರು.