ಕೊರೋನಾವನ್ನು ಯಾವ ದೇಶ ಸರಿಯಾಗಿ ನಿಭಾಯಿಸಿತು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಉಡುಪಿಯಿಂದ ಬ್ರಹ್ಮಾವರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುತ್ತಾರೆ. ದುಬೈಯಿಂದಲೋ ಇಸ್ರೇಲಿನಿಂದಲೋ ರಜೆಗೆ ಬಂದ ನೆಂಟರ ಮಕ್ಕಳಂತೂ ಕೇಳಿಯೇ ಕೇಳುತ್ತಾರೆ. "ಸಿಸ್ಟರೇ, ಇಷ್ಟು ವರ್ಷ ಆರೋಗ್ಯ ಇಲಾಖೆಯಲ್ಲಿ ಇದ್ದವರು ನೀವು. ಕೊರೋನಾವನ್ನು ಯಾವ ದೇಶ ಸರಿಯಾಗಿ ನಿಭಾಯಿಸಿತು ಹೇಳಿ ಮಾರಾಯ್ರೇ."

ಸುಮ್ನೆ ಹೊತ್ತು ಹೋಗಲಿಕ್ಕೆ ಕೇಳುವ ಪ್ರಶ್ನೆ ಅಲ್ಲ ಅದು. ಕೇಳುವವರ ಮನೆಯಿಂದ ಯಾರೋ ಒಬ್ಬರು ಹೋಗಿರುತ್ತಾರೆ. ಬೇರೆ ಎಲ್ಲಾದರೂ ಇದ್ದಿದ್ದರೆ ಉಳಿಯುತ್ತಿದ್ದರಾ ಎಂಬ ಸಂಕಟ ಅದರೊಳಗೆ ಇರುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೂವತ್ತು ವರ್ಷ ಉಡುಪಿಯ ಸುತ್ತಮುತ್ತಲಿನ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದವಳು ನಾನು. 2021ರಲ್ಲಿ ನಿವೃತ್ತಿಯಾಯಿತು. ನನ್ನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಬಾಗಿಲು ತಟ್ಟುವುದು. ಪೋಲಿಯೋ ಹನಿ ಹಾಕುವ ದಿನಗಳಲ್ಲಿ ಚೀಲದಲ್ಲಿ ಸೀಮೆಸುಣ್ಣ ಇರುತ್ತಿತ್ತು. ಮನೆಯ ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ಗೋಡೆಗೆ 'ಪಿ' ಗುರುತು. ಒಂದು ಮಗು ತಪ್ಪಿಹೋಗಿದ್ದರೂ 'ಎಕ್ಸ್'. ಎಕ್ಸ್ ಬಿದ್ದ ಮನೆಗೆ ಮಗು ಸಿಗುವ ತನಕ ಹೋಗಬೇಕು. ಅಜ್ಜಿಮನೆಗೆ ಹೋಗಿದೆ ಅಂದರೆ ಅಜ್ಜಿಮನೆ ಎಲ್ಲಿ ಅಂತ ಕೇಳಬೇಕು. ಹೀಗೆ ವರ್ಷಗಟ್ಟಲೆ ತಿರುಗಿದರೆ ಊರಿನ ಯಾವ ನಾಯಿ ಕಚ್ಚುತ್ತದೆ, ಯಾವ ಮನೆಯ ಅತ್ತೆ ಸೊಸೆಯನ್ನು ಮಾತಾಡಲು ಬಿಡುವುದಿಲ್ಲ ಎಲ್ಲ ಗೊತ್ತಾಗುತ್ತದೆ.

ಹಾಗಾಗಿ ನನಗೆ ದೇಶಗಳೂ ಮನೆಬಾಗಿಲಿನಿಂದಲೇ ಕಾಣುತ್ತವೆ. ರೋಗ ಬಂದಾಗ ಆರೋಗ್ಯದವರು ಬಾಗಿಲು ತಟ್ಟಿದರೆ ಯಾವ ದೇಶದಲ್ಲಿ ಬಾಗಿಲು ತೆರೆಯಿತು? ಹದಿನಾಲ್ಕು ದಿನ ಒಳಗೇ ಇರಿ ಅಂದಾಗ ಒಳಗಿದ್ದವರ ಅನ್ನಕ್ಕೆ ಏನು ದಾರಿ ಇತ್ತು? ನನ್ನ ಮಟ್ಟಿಗೆ ಈ ಎರಡೇ ಪ್ರಶ್ನೆ. ದುಡ್ಡು, ಯಂತ್ರ, ದೊಡ್ಡ ಆಸ್ಪತ್ರೆ ಎಲ್ಲ ಬೇಕು. ಆದರೆ ಅವು ಆಮೇಲೆ.

ದುಡ್ಡೇ ಮುಖ್ಯ ಅನ್ನುವವರಿಗೆ ಒಂದು ಪಟ್ಟಿಯ ಕತೆ ಹೇಳುತ್ತೇನೆ. 2019ರ ಅಕ್ಟೋಬರಿನಲ್ಲಿ, ಅಂದರೆ ಕೊರೋನಾ ಬರುವುದಕ್ಕೆ ಎರಡೇ ತಿಂಗಳು ಮೊದಲು, ಸಾಂಕ್ರಾಮಿಕ ರೋಗಕ್ಕೆ ಯಾವ ದೇಶ ಎಷ್ಟು ತಯಾರಾಗಿದೆ ಅಂತ ಪರಿಣತರು ಒಂದು ಸೂಚ್ಯಂಕ ಹೊರಡಿಸಿದ್ದರು. ಅದರಲ್ಲಿ ಅಮೆರಿಕಕ್ಕೆ ಮೊದಲನೇ ಸ್ಥಾನ, ಬ್ರಿಟನ್ನಿಗೆ ಎರಡನೇ ಸ್ಥಾನ. ನ್ಯೂಜಿಲೆಂಡ್ 35ನೆಯದು, ವಿಯೆಟ್ನಾಂ 50ನೆಯದು. ಮುಂದೆ ಅಮೆರಿಕದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಜನ ಸತ್ತರು. ಸುಮಾರು ಒಂಬತ್ತೂವರೆ ಕೋಟಿ ಜನರಿರುವ ವಿಯೆಟ್ನಾಂನಲ್ಲಿ 2020ನೇ ಇಸವಿ ಪೂರ್ತಿ ಸತ್ತವರು 35 ಮಂದಿ. 2021ರಲ್ಲಿ ಡೆಲ್ಟಾ ಎಂಬ ಕೊರೋನಾದ ಹೊಸ ರೂಪ ಅಲ್ಲಿಗೂ ಬಂತು. ಲಸಿಕೆ ಇನ್ನೂ ಎಲ್ಲರಿಗೂ ತಲುಪಿರಲಿಲ್ಲ. ಹೋ ಚಿ ಮಿನ್ ನಗರ ತತ್ತರಿಸಿಹೋಯಿತು. ಅದನ್ನೂ ಹೇಳದಿದ್ದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ.

ನನ್ನ ಮನಸ್ಸಿನಲ್ಲಿ ಉಳಿದ ಉದಾಹರಣೆ ಮಾತ್ರ ಕೊರೋನಾದ್ದಲ್ಲ. ಎಬೋಲಾ ಎಂಬ ಮಾರಕ ಜ್ವರದ್ದು. 2014ರ ಜುಲೈ 20ರಂದು ಲೈಬೀರಿಯಾದಿಂದ ಒಬ್ಬ ಮನುಷ್ಯ ವಿಮಾನದಲ್ಲಿ ನೈಜೀರಿಯಾದ ಲಾಗೋಸ್‌ಗೆ ಬಂದಿಳಿದ. ಕೋಟಿಗಟ್ಟಲೆ ಜನ ಒತ್ತೊತ್ತಾಗಿ ಬದುಕುವ ಊರು ಅದು. ಕಾಯಿಲೆ ಬಿದ್ದಿದ್ದ ಅವನನ್ನು ಆಸ್ಪತ್ರೆಗೆ ಸೇರಿಸಿದಾಗ ಮಲೇರಿಯಾ ಅಂತಲೇ ಶುರುವಿನಲ್ಲಿ ಅಂದುಕೊಂಡಿದ್ದರು. ಅಲ್ಲಿನ ಹಿರಿಯ ವೈದ್ಯೆ ಅಮೇಯೋ ಅಡಡೆವೋ ಅವರಿಗೆ ಸಂಶಯ ಬಂತು. ಬಿಟ್ಟುಬಿಡಿ ಅಂತ ಮೇಲಿನಿಂದ ಒತ್ತಡ ಬಂದರೂ ಆಕೆ ರೋಗಿಯನ್ನು ಹೊರಗೆ ಬಿಡಲಿಲ್ಲ. ಆಕೆಗೇ ಸೋಂಕು ತಗಲಿತು. ಆಗಸ್ಟಿನಲ್ಲಿ ತೀರಿಕೊಂಡರು.

ಆಮೇಲೆ ನಡೆದದ್ದು ನೋಡಿ. ನೈಜೀರಿಯಾದಲ್ಲಿ ಆಗ ಪೋಲಿಯೋ ಇನ್ನೂ ಹೋಗಿರಲಿಲ್ಲ. ಅದಕ್ಕಾಗಿ ಕಟ್ಟಿದ ತಂಡ, ಕೇಂದ್ರ, ನಕ್ಷೆ, ಮನೆ ಮನೆ ತಿರುಗಿ ಗೊತ್ತಿದ್ದ ಜನ ಎಲ್ಲ ಇದ್ದರು. ಅವರನ್ನೇ ಎಬೋಲಾ ಕೆಲಸಕ್ಕೆ ಹಾಕಿದರು. ರೋಗಿಗಳ ಸಂಪರ್ಕಕ್ಕೆ ಬಂದಿದ್ದ ಸುಮಾರು 900 ಜನರ ಪಟ್ಟಿ ಆಯಿತು. ಅವರನ್ನು ನೋಡಲು 18,000ಕ್ಕೂ ಜಾಸ್ತಿ ಸಲ ಮುಖಾಮುಖಿ ಭೇಟಿ ಕೊಟ್ಟರು. ಒಟ್ಟು 20 ಜನರಿಗೆ ರೋಗ, 8 ಸಾವು. ಅಷ್ಟಕ್ಕೇ ನಿಂತಿತು. ಅಕ್ಟೋಬರ್ 20ಕ್ಕೆ ನೈಜೀರಿಯಾ ಎಬೋಲಾ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅದನ್ನು ಓದಿದ ದಿನ ನನ್ನ ಚೀಲದ ಸೀಮೆಸುಣ್ಣ ನೆನಪಾಗಿ ಕಣ್ಣು ತುಂಬಿತ್ತು. ಒಂದು ರೋಗಕ್ಕಾಗಿ ಸವೆದ ಚಪ್ಪಲಿ ಇನ್ನೊಂದು ರೋಗವನ್ನು ತಡೆದಿತ್ತು.

ಅದೇ ಆಗಸ್ಟಿನಲ್ಲಿ ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ಬೇರೆ ದಾರಿ ಹಿಡಿದರು. ವೆಸ್ಟ್ ಪಾಯಿಂಟ್ ಎಂಬ ಬಡವರ ಕೇರಿಯನ್ನು ಒಂದು ಬೆಳಗ್ಗೆ ಸೈನಿಕರು, ಪೊಲೀಸರು ಮುತ್ತಿ ಬಂದ್ ಮಾಡಿದರು. ಜನ ರೊಚ್ಚಿಗೆದ್ದರು. ಗುಂಡು ಹಾರಿತು. ಹದಿನೈದು ವರ್ಷದ ಹುಡುಗನೊಬ್ಬ ಸತ್ತ. ಹತ್ತು ದಿನದಲ್ಲಿ ಸರ್ಕಾರವೇ ಆ ದಿಗ್ಬಂಧನ ತೆಗೆಯಬೇಕಾಯಿತು. ಆಮೇಲೆ ಊರಿನ ಮುಖಂಡರನ್ನು ಸೇರಿಸಿಕೊಂಡು ಅಲ್ಲಿನ ಜನರಿಂದಲೇ ಮನೆಮನೆ ಹುಡುಕಾಟ ಮಾಡಿಸಿದ ಮೇಲೆ ಕೆಲಸ ಸಾಗಿತು. ಎರಡೂ ಬಡ ದೇಶಗಳೇ. ವ್ಯತ್ಯಾಸ ಎಲ್ಲಿತ್ತು ಅಂತ ನೀವೇ ಹೇಳಿ.

ನಮ್ಮ ಮಗ್ಗುಲಿನದೇ ಒಂದು ಉಂಟು. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನ ಒಂದೇ ಮನೆಯಲ್ಲಿ ಎರಡನೆಯವರು ಕಾಯಿಲೆ ಬಿದ್ದಾಗ ಅಲ್ಲಿನ ವೈದ್ಯರಿಗೆ ಇದು ಮಾಮೂಲಿ ಮೆದುಳುಜ್ವರ ಅಲ್ಲ ಅನ್ನಿಸಿತು. ಮಾದರಿ ಬಂದದ್ದು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ. ಆಗ ಅದರ ಮುಖ್ಯಸ್ಥರಾಗಿದ್ದವರು ಡಾ. ಅರುಣ್‌ಕುಮಾರ್. ನಿಪಾ ಅಂತ ಇಲ್ಲಿ ಗೊತ್ತಾಯಿತು, ಪುಣೆಯ ಪ್ರಯೋಗಾಲಯ ಖಚಿತಪಡಿಸಿತು. ರೋಗಿಯನ್ನು ನೋಡಿಕೊಂಡಿದ್ದ ನರ್ಸ್ ಲಿನಿ ತೀರಿಕೊಂಡರು. ಬಾವಲಿ ಕಚ್ಚಿದ ಹಣ್ಣಿನಿಂದ ಬರುತ್ತದೆ ಅಂತ ಹೆದರಿ ಆ ವಾರ ಉಡುಪಿ ಸಂತೆಯಲ್ಲಿ ಮಾವಿನಹಣ್ಣು ಕೇಳುವವರೇ ಇರಲಿಲ್ಲ. ಕೇರಳದವರು ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಪಟ್ಟಿ ಮಾಡಿ ದಿನಾ ವಿಚಾರಿಸಿದರು. ರೋಗ ಹೊರಗೆ ಹರಡಲಿಲ್ಲ. ಎರಡೇ ವರ್ಷದಲ್ಲಿ, 2020ರ ಜನವರಿ 30ರಂದು, ವುಹಾನ್‌ನಿಂದ ತ್ರಿಶೂರಿಗೆ ಬಂದ ವಿದ್ಯಾರ್ಥಿನಿಗೆ ಭಾರತದ ಮೊದಲ ಕೊರೋನಾ ಪತ್ತೆಯಾದಾಗ ಅಲ್ಲಿನವರಿಗೆ ಏನು ಮಾಡಬೇಕು ಅಂತ ಗೊತ್ತಿತ್ತು.

ದಕ್ಷಿಣ ಕೊರಿಯಾ ಕತೆಯೂ ಹೀಗೇ. 2015ರಲ್ಲಿ ಗಲ್ಫ್ ಕಡೆಯಿಂದ ಹಿಂದಿರುಗಿದ ಒಬ್ಬರಿಂದ ಮರ್ಸ್ ಎಂಬ ಉಸಿರಾಟದ ರೋಗ ಹರಡಿ 186 ಜನರಿಗೆ ತಗಲಿತು, 38 ಜನ ಸತ್ತರು. ಯಾವ ಆಸ್ಪತ್ರೆಯಲ್ಲಿ ರೋಗ ಇದೆ ಅಂತ ಸರ್ಕಾರ ಮೊದಲು ಹೇಳಲೇ ಇಲ್ಲ. ಜನ ಸಿಟ್ಟಾದರು. ಆಮೇಲೆ ಕಾನೂನನ್ನೇ ಬದಲಾಯಿಸಿದರು. ಕೊರೋನಾ ಬಂದಾಗ 2020ರ ಫೆಬ್ರವರಿ ಮೊದಲ ವಾರದಲ್ಲೇ ಪರೀಕ್ಷೆಯ ಕಿಟ್‌ಗೆ ಒಪ್ಪಿಗೆ ಸಿಕ್ಕಿತ್ತು. ಅಮೆರಿಕದಲ್ಲಿ ಅದೇ ತಿಂಗಳು ಸರ್ಕಾರಿ ಕಿಟ್‌ಗಳಲ್ಲೇ ದೋಷ ಬಂದು ವಾರಗಟ್ಟಲೆ ಹೋಯಿತು.

ಆದರೆ ಕೊರಿಯಾದ್ದು ಅಂದರೆ ನನಗೆ ಕಾರಿನಲ್ಲಿ ಕೂತೇ ಪರೀಕ್ಷೆ ಮಾಡಿಸಿಕೊಂಡದ್ದಕ್ಕಿಂತ ಇನ್ನೊಂದು ಸಂಗತಿ ದೊಡ್ಡದು. ಮೇ ತಿಂಗಳಲ್ಲಿ ರಾಜಧಾನಿ ಸೋಲ್‌ನ ಇಟೇವಾನ್ ಎಂಬಲ್ಲಿನ ನೈಟ್‌ಕ್ಲಬ್‌ಗಳಿಂದ ಸೋಂಕು ಹರಡಿತು. ಅಲ್ಲಿ ಹೋಗುತ್ತಿದ್ದವರಲ್ಲಿ ಸಲಿಂಗಿಗಳು ಜಾಸ್ತಿ. ಪರೀಕ್ಷೆಗೆ ಹೋದರೆ ಮನೆಗೆ, ಆಫೀಸಿಗೆ ಗೊತ್ತಾಗುತ್ತದೆ ಅಂತ ಅವರು ಹೆದರಿದರು. ಆಗ ಸೋಲ್ ನಗರದವರು ಹೆಸರು ಬೇಡ, ಫೋನ್ ನಂಬರ್ ಕೊಟ್ಟರೆ ಸಾಕು ಅಂದರು. ಪರೀಕ್ಷೆಗೆ ಬರುವವರು ಎಷ್ಟೋ ಪಟ್ಟು ಹೆಚ್ಚಾದರು.

ಇದನ್ನು ಓದಿದಾಗ ನನಗೆ ನಮ್ಮದೇ ಒಂದು ಮನೆ ನೆನಪಾಯಿತು. 2020ರ ಮೇ ನಡುವಿನವರೆಗೆ ಉಡುಪಿ ಜಿಲ್ಲೆಯಲ್ಲಿ ಬೆರಳೆಣಿಕೆಯಷ್ಟು ಪ್ರಕರಣ. ಆಮೇಲೆ ಮುಂಬೈಯ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ನಮ್ಮ ಮಕ್ಕಳು ಊರಿಗೆ ಬಂದರು. ಜೂನ್ ಮೊದಲ ವಾರಕ್ಕೆ ರಾಜ್ಯದಲ್ಲೇ ಹೆಚ್ಚು ಪ್ರಕರಣ ಇರುವ ಜಿಲ್ಲೆ ನಮ್ಮದಾಯಿತು. ಒಬ್ಬ ಹುಡುಗ ಶಾಲೆಯ ಕ್ವಾರಂಟೈನ್ ಮುಗಿಸಿ ಮನೆಗೆ ಬಂದ ಮೇಲೆ ಪಾಸಿಟಿವ್ ಅಂತ ವರದಿ ಬಂತು. ಮನೆ ಸೀಲ್‌ಡೌನ್ ಆಯಿತು. ಗೇಟಿಗೆ ಟೇಪು. ಬಾಗಿಲಿಗೆ ಚೀಟಿ. ಆ ಚೀಟಿ ಅಂಟಿಸಿದ್ದು ನಾನೇ, ಇದೇ ಕೈಯಲ್ಲಿ.

ಹುಡುಗನ ತಾಯಿಗೆ ಎರಡು ದನ ಇದ್ದವು. ದಿನಾ ಡೇರಿಗೆ ಹಾಲು ಹಾಕಿ ಸಂಸಾರ. ಚೀಟಿ ಬಿದ್ದ ಮರುದಿನವೇ ಅವರ ಹಾಲು ಬೇಡ ಅಂತ ಹೇಳಿ ಕಳಿಸಿದರು. ದನಕ್ಕೆ ಚೀಟಿ ಗೊತ್ತಾಗುತ್ತದಾ? ಎರಡು ಹೊತ್ತೂ ಕರೆಯಲೇ ಬೇಕು. ನಾನು ಬೇಲಿಯಾಚೆ ನಿಂತು ಜ್ವರ ವಿಚಾರಿಸುವಾಗ ಆ ಅಮ್ಮ ಕರೆದ ಹಾಲನ್ನು ತೆಂಗಿನ ಬುಡಕ್ಕೆ ಹೊಯ್ಯುತ್ತಿದ್ದರು. ನನ್ನ ಮುಖ ನೋಡಲಿಲ್ಲ.

ಮುಂದಿನ ವಾರ ಅದೇ ಸಾಲಿನ ಹನ್ನೊಂದು ಮನೆಗೆ ಸರ್ವೆಗೆ ಹೋದೆ. "ಜ್ವರ ಉಂಟಾ?" ಅಂತ ಕೇಳಿದರೆ "ಇಲ್ಲ ಸಿಸ್ಟರೇ, ಯಾರಿಗೂ ಎಂತದ್ದೂ ಇಲ್ಲ" ಅಂತ ಎಲ್ಲರದೂ ಒಂದೇ ಉತ್ತರ. ಹೇಳುವಾಗಲೇ ಒಳಗಿನ ಕೋಣೆಯಿಂದ ಕೆಮ್ಮು ಕೇಳುತ್ತಿತ್ತು. ಇಪ್ಪತ್ತು ವರ್ಷದಿಂದ ನನಗೆ ಚಾಪೆ ಹಾಕಿ ಕೂರಿಸಿ ನೀರು, ಬೆಲ್ಲ ಕೊಟ್ಟ ಮನೆಗಳು ಅವು. ಅವರದ್ದು ತಪ್ಪು ಅಂತ ನಾನು ಹೇಳಲಾರೆ. ಹಾಲು ತೆಂಗಿನ ಬುಡಕ್ಕೆ ಹೋದದ್ದನ್ನು ಎಲ್ಲರೂ ನೋಡಿದ್ದರು. ಸುಮ್ನೆ ಮನೆಗಳಿಗೆ ಚೀಟಿ ಅಂಟಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಹೇಳುವಾಗ ಆ ವರ್ಷದ ಡಿಸೆಂಬರ್ ಆಗಿತ್ತು.

ಇನ್ನು ಒಳಗೇ ಇರುವ ಮಾತು. "ನಮ್ಮಲ್ಲಿ ಇನ್ನೂ ಬಿಗಿಯಾಗಿ ಬಂದ್ ಮಾಡಬೇಕಿತ್ತು" ಅನ್ನುವವರು ಪೆರುವಿನ ಕಡೆ ನೋಡಬೇಕು. 2020ರ ಮಾರ್ಚ್ 16ಕ್ಕೇ ಆ ದೇಶ ಬಂದ್ ಆಯಿತು, ನಮಗಿಂತ ಮೊದಲು. ಬೀದಿಯಲ್ಲಿ ಸೈನ್ಯ, ರಾತ್ರಿ ಕರ್ಫ್ಯೂ. ಆದರೂ ಜನಸಂಖ್ಯೆಗೆ ಹೋಲಿಸಿದರೆ ಪ್ರಪಂಚದಲ್ಲೇ ಅತಿ ಹೆಚ್ಚು ಸಾವು ಕಂಡ ದೇಶಗಳಲ್ಲಿ ಪೆರುವಿನ ಹೆಸರು ಮೊದಲು ಬರುತ್ತದೆ. 2021ರ ಮೇ ಕೊನೆಗೆ ಲೆಕ್ಕ ಸರಿಪಡಿಸಿದಾಗ ಸಾವಿನ ಸಂಖ್ಯೆ ಸುಮಾರು 69 ಸಾವಿರದಿಂದ 1 ಲಕ್ಷ 80 ಸಾವಿರ ದಾಟಿತು. ಯಾಕೆ ಹೀಗಾಯಿತು? ಆಮ್ಲಜನಕ ಇರಲಿಲ್ಲ, ಐಸಿಯು ಹಾಸಿಗೆ ಕಡಿಮೆ. ಅದರ ಜೊತೆಗೆ ಇನ್ನೊಂದು ಸಣ್ಣ ವಿಷಯ. ಅಲ್ಲಿನ ಅರ್ಧದಷ್ಟು ಮನೆಗಳಲ್ಲಿ ಫ್ರಿಜ್ ಇರಲಿಲ್ಲ. ಫ್ರಿಜ್ ಇಲ್ಲದವರು ವಾರದ ತರಕಾರಿ, ಮೀನು ಒಟ್ಟಿಗೆ ತಂದಿಡುವುದು ಹೇಗೆ? ದಿನಾ ಮಾರುಕಟ್ಟೆಗೆ ಹೋಗಲೇ ಬೇಕು. ಸರ್ಕಾರ ಪರಿಹಾರದ ಹಣ ಕೊಟ್ಟಿತು, ಒಳ್ಳೆಯದೇ. ತುಂಬಾ ಜನರಿಗೆ ಬ್ಯಾಂಕ್ ಖಾತೆ ಇಲ್ಲದೆ ಹಣ ತೆಗೆಯಲು ಬ್ಯಾಂಕಿನ ಮುಂದೆ ಉದ್ದುದ್ದ ಸಾಲು. ಮಾರುಕಟ್ಟೆ ಮತ್ತು ಆ ಸಾಲುಗಳಲ್ಲೇ ರೋಗ ಹಂಚಿಹೋಯಿತು.

ನಮ್ಮಲ್ಲಿ ಮಾರ್ಚ್ 24ರ ರಾತ್ರಿ ಎಂಟಕ್ಕೆ ಹೇಳಿ ಹನ್ನೆರಡಕ್ಕೆ ಬಂದ್ ಮಾಡಿದರು. ಬಾಗಲಕೋಟೆ, ಕೊಪ್ಪಳ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಶೆಡ್ಡುಗಳಿಗೆ ಮರುವಾರ ನಾನು ಹೋಗಿದ್ದೆ. ಹತ್ತಡಿ ತಗಡಿನ ಶೆಡ್ಡು, ಒಳಗೆ ಆರು ಜನ, ಏಪ್ರಿಲ್ ಬಿಸಿಲು. "ಒಳಗೇ ಇರಿ" ಅಂತ ಹೇಳಲು ನನಗೆ ನಾಲಗೆ ಏಳಲಿಲ್ಲ. ಅದೇ ಹೊತ್ತಿನಲ್ಲಿ ಡೆನ್ಮಾರ್ಕ್ ಸರ್ಕಾರ, ಕೆಲಸದಿಂದ ತೆಗೆಯಬೇಡಿ, ಸಂಬಳದ ಮುಕ್ಕಾಲು ಭಾಗ ನಾವು ಕೊಡುತ್ತೇವೆ ಅಂತ ಕಂಪನಿಗಳಿಗೆ ಹೇಳಿತ್ತು. ಅಲ್ಲಿ ಜನ ಒಳಗೆ ಕೂತರು ಅಂದರೆ ಅವರ ಶಿಸ್ತು ಮಾತ್ರ ಕಾರಣ ಅಲ್ಲ, ಅಲ್ವಾ?

ಸಿಂಗಾಪುರವನ್ನು ಮೊದಲು ಎಲ್ಲರೂ ಹೊಗಳಿದರು. ಆದರೆ ಮೂರು ಲಕ್ಷಕ್ಕೂ ಜಾಸ್ತಿ ವಲಸೆ ಕಾರ್ಮಿಕರ ವಸತಿಗೃಹಗಳು ಲೆಕ್ಕದಿಂದ ತಪ್ಪಿಹೋಗಿದ್ದವು. ಅವರಲ್ಲಿ ಭಾರತದವರು, ಬಾಂಗ್ಲಾದವರೇ ಹೆಚ್ಚು. ವರ್ಷದ ಕೊನೆಗೆ ನೋಡಿದರೆ ಆ ಕಾರ್ಮಿಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಸೋಂಕು ತಗಲಿಹೋಗಿತ್ತು. ಯಾರೂ ತಟ್ಟದ ಬಾಗಿಲುಗಳು ಅವು.

ಸ್ವೀಡನ್ ಬಗ್ಗೆ ಕೇಳುವವರಿಗೆ ಚಿಕ್ಕ ಉತ್ತರ. ಮನೆಯಲ್ಲಿ ಕೂಡಿಹಾಕಲಿಲ್ಲ, ಚಿಕ್ಕ ಮಕ್ಕಳ ಶಾಲೆ ಮುಚ್ಚಲಿಲ್ಲ. ಮಕ್ಕಳಿಗೆ ಅದರಿಂದ ಒಳ್ಳೆಯದೇ ಆಯಿತು. ಆದರೆ ಮೊದಲ ವರ್ಷ ವೃದ್ಧರ ಆರೈಕೆ ಮನೆಗಳಲ್ಲಿ ಬಹಳ ಸಾವಾಯಿತು, ನೆರೆಯ ನಾರ್ವೆ, ಫಿನ್‌ಲೆಂಡ್‌ಗಿಂತ ತುಂಬಾ ಜಾಸ್ತಿ. ನಾವು ಸೋತೆವು ಅಂತ ಅಲ್ಲಿನ ರಾಜರೇ ಆ ಡಿಸೆಂಬರಿನಲ್ಲಿ ಹೇಳಿದರು. ಎರಡು ಮೂರು ವರ್ಷದ ಲೆಕ್ಕ ಒಟ್ಟು ನೋಡಿದರೆ ಯುರೋಪಿನ ಬಹಳ ದೇಶಗಳಿಗಿಂತ ಅವರ ಸ್ಥಿತಿ ಚೆನ್ನಾಗಿದೆ. ನ್ಯೂಜಿಲೆಂಡ್ ತುಂಬಾ ಜೀವ ಉಳಿಸಿತು, ನಿಜ. ಸುತ್ತ ಸಮುದ್ರ, ಐವತ್ತು ಲಕ್ಷ ಜನ. ಹೊರಗಿದ್ದ ತನ್ನದೇ ಜನ ಊರಿಗೆ ಬರಲು ತಿಂಗಳುಗಟ್ಟಲೆ ಕಾಯಬೇಕಾಯಿತು.

2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 177 ದೇಶಗಳ ಅಧ್ಯಯನವೊಂದು ಬಂತು. ಸರ್ಕಾರದ ಮೇಲೆ, ಅದಕ್ಕಿಂತಲೂ ಒಬ್ಬರ ಮೇಲೊಬ್ಬರಿಗೆ, ನಂಬಿಕೆ ಜಾಸ್ತಿ ಇದ್ದ ದೇಶಗಳಲ್ಲಿ ಸೋಂಕು ಕಡಿಮೆ ಇತ್ತು ಅಂತ ಅದರಲ್ಲಿ ಕಂಡುಬಂತು. ನಮ್ಮ ಆ ಹನ್ನೊಂದು ಮನೆಗಳಲ್ಲಿ ನಾನು ಕಳೆದುಕೊಂಡದ್ದು ಅದನ್ನೇ.

"ಹಾಗಾದರೆ ನಮ್ಮಲ್ಲಿ ಎಂತ ಮಾಡಬೇಕು?" ಅಂತ ಕೊನೆಗೆ ಕೇಳುತ್ತಾರೆ. ಆಶಾ ಕಾರ್ಯಕರ್ತೆಯರನ್ನು ನೋಡಿ ಅನ್ನುತ್ತೇನೆ. 2020ರ ಜುಲೈಯಲ್ಲಿ, ರೋಗ ಏರುತ್ತಿದ್ದಾಗಲೇ, ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ನಮ್ಮ ರಾಜ್ಯದ ಆಶಾಗಳು ಕೆಲಸ ನಿಲ್ಲಿಸಿ ಕೇಳಬೇಕಾಯಿತು. ಎರಡು ವರ್ಷದ ಮೇಲೆ ಇದೇ ಆಶಾಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿ ಕಂಡು ನನಗೆ ಖುಷಿಯಾಯಿತು. ಆದರೆ ಅವರು ಕೇಳಿದ್ದು ಸಂಬಳ. ರೋಗ ಇಲ್ಲದ ವರ್ಷಗಳಲ್ಲಿ ಇವರ ಹೊಟ್ಟೆ ತುಂಬಿಸಿದರೆ ಮಾತ್ರ ರೋಗ ಬಂದ ವರ್ಷ ಬಾಗಿಲು ತಟ್ಟಲು ಜನ ಇರುತ್ತಾರೆ.

ಹಾಲಿನ ಅಮ್ಮನ ಮನೆಗೆ ಹೋದ ವರ್ಷ ಹೋಗಿದ್ದೆ. ಮಗ ಮತ್ತೆ ಮುಂಬೈಗೆ ಹೋಗಿದ್ದಾನೆ. ದನ ಒಂದೇ ಉಳಿದಿದೆ. ಡೇರಿಗೆ ಈಗಲೂ ಹಾಲು ಹಾಕುವುದಿಲ್ಲವಂತೆ, ಮನೆ ಖರ್ಚಿಗೆ ಸಾಕು ಅಂದರು. ಚಾ ಕೊಟ್ಟರು. ಬಾಗಿಲಿನ ಮೇಲೆ ಚೀಟಿ ಕಿತ್ತ ಜಾಗದಲ್ಲಿ ಗೋಂದಿನ ಕಲೆ ಹಾಗೇ ಇತ್ತು. "ಆ ದಿನ ನೀವು ಮೊದಲು ಅಕ್ಕಪಕ್ಕದ ಮನೆಗೆ ಹೋಗಿ ಎರಡು ಮಾತು ಹೇಳಿ ಬರಬಹುದಿತ್ತು ಅಕ್ಕಾ" ಅಂದರು. ಹೌದು, ಹೇಳಬಹುದಿತ್ತು ಅಂದೆ.