ಸ್ಟ್ರಾ ಬೇಡ ಅಂದಿದ್ದಾರೆ ಡಾಕ್ಟರು

24 ಮೇ 2025, ಶನಿವಾರ
ಮೈಸೂರು, ರಾತ್ರಿ

ಅಪ್ಪ ಇವತ್ತು ಲೋಟ ಖಾಲಿ ಮಾಡಿದರು. ಬರೆದಿಡೋಣ ಅನ್ನಿಸಿತು, ಅಷ್ಟೆ.

ಕೆಳಸಾಲಿನಲ್ಲಿ ಅಲ್ಲಾಡುತ್ತಿದ್ದ ಹಲ್ಲುಗಳನ್ನೂ ಹೋದ ವಾರ ಕೀಳಿಸಿಕೊಂಡು ಬಂದ ಮೇಲೆ ಮನೆಯಲ್ಲಿ ಗಂಜಿಯದ್ದೇ ಕಾರುಬಾರು. ರಾಗಿ ಗಂಜಿ, ಅಕ್ಕಿ ಗಂಜಿ, ಹೆಸರುಬೇಳೆ ಕಟ್ಟು. ಎರಡು ಗುಟುಕು ಕುಡಿದು ಲೋಟ ಪಕ್ಕಕ್ಕೆ ಸರಿಸಿಬಿಡುತ್ತಿದ್ದರು. ಕೋಡುಬಳೆ ಡಬ್ಬಿ ಎಲ್ಲಿ ಬಚ್ಚಿಟ್ಟರೂ ಹುಡುಕಿ ತೆಗೆದು ಕಟುಂ ಅನ್ನಿಸುತ್ತಿದ್ದವರು ಇವರೇನಾ ಅನ್ನಿಸುತ್ತೆ. ಷರಟು ಹೆಗಲಿಂದ ಜಾರುತ್ತಿದೆ. ಕೇಳಿದರೆ ಹಸಿವಿಲ್ಲ ಅನ್ನುತ್ತಾರೆ.

ಹಸಿವಿಲ್ಲದೆ ಏನು. ಬಾಯಿ ತೆರೆಯೋಕೆ ನಾಚಿಕೆ ಅವರಿಗೆ. ಮಾತಾಡುವಾಗಲೂ ಟವೆಲ್ಲಿನ ತುದಿ ಬಾಯಿಗೆ ಅಡ್ಡ. ಸಂಜೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುವುದು ನಿಂತೇಹೋಗಿದೆ. ಪಕ್ಕದ ಮನೆ ರಾಯರು ಬಂದು ವಿಚಾರಿಸಿದರೆ ನಿದ್ದೆ ಬಂದವರ ಹಾಗೆ ಗೋಡೆ ಕಡೆ ತಿರುಗಿ ಮಲಗಿದರು. ನಿದ್ದೆ ಬಂದಿರಲಿಲ್ಲ, ಕಾಲು ಅಲ್ಲಾಡುತ್ತಿತ್ತು.

ಹಲ್ಲಿನ ಡಾಕ್ಟರು ಹೇಳಿದ್ದು ಇಷ್ಟು: ತಣ್ಣಗಿರಲಿ, ಮೆತ್ತಗಿರಲಿ. ಬೀಜದ ಹಣ್ಣು ಬೇಡ. ಸೀಬೆ, ದಾಳಿಂಬೆ, ಕಾಮಕಸ್ತೂರಿ ಬೀಜ ಇವೆಲ್ಲ ಹಲ್ಲು ಕಿತ್ತ ಗುಳಿಯೊಳಗೆ ಹೋಗಿ ಕೂತುಬಿಡುತ್ತವೆ. ಇನ್ನು ಏನೇ ಕೊಟ್ಟರೂ ಸ್ಟ್ರಾ ಮಾತ್ರ ಬೇಡ. ಹೀರಿದರೆ ಗುಳಿಯಲ್ಲಿ ಕಟ್ಟಿಕೊಂಡಿರುವ ರಕ್ತದ ಗರಣೆ ಕಿತ್ತು ಬಂದು ಒಳಗಿನ ಮೂಳೆ ಬಯಲಾಗುತ್ತಂತೆ, ಆ ನೋವು ಕೀಳುವಾಗಿನದಕ್ಕಿಂತ ಜಾಸ್ತಿಯಂತೆ. ಚಿನ್ನು ಅಜ್ಜನಿಗೆ ಅಂತ ಬಣ್ಣದ ಸ್ಟ್ರಾ ಪ್ಯಾಕೆಟ್ ತಂದಿಟ್ಟಿದ್ದಳು, ಅಟ್ಟಕ್ಕೆ ಸೇರಿಸಿದೆ.

ಹಣ್ಣು-ಮೊಸರಿನ ಸ್ಮೂದಿ ಮಾಡೋಣ ಅಂದವಳೂ ಅವಳೇ. ಸರಿ ಅಂದೆ. ಗಂಜಿಯಲ್ಲಿ ಹೊಟ್ಟೆ ತುಂಬುತ್ತೆ ನಿಜ, ಗಾಯ ಮಾಯೋದಕ್ಕೆ ಪ್ರೋಟೀನೂ ಬೇಕಲ್ಲ. ನೂರು ಗ್ರಾಂ ಮೊಸರಿನಲ್ಲಿ ಮೂರು ಗ್ರಾಂಗಿಂತ ಸ್ವಲ್ಪ ಜಾಸ್ತಿ ಇರುತ್ತೆ. ದೊಡ್ಡ ಬಟ್ಟಲು ಮೊಸರು ಹೊಟ್ಟೆಗೆ ಹೋದರೆ ಏಳೆಂಟು ಗ್ರಾಂ ಆಯಿತು. ಹಣ್ಣು ಯಾವುದು ಅನ್ನುವುದೇ ತಲೆನೋವಾಗಿದ್ದು. ಪರಂಗಿ ಮೆತ್ತಗಿರುತ್ತೆ, ಬೀಜ ತೆಗೆದರೆ ಮುಗೀತು, ಆದರೆ ಅದರಲ್ಲಿರುವ ಪಪೈನ್ ಅನ್ನುವ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಹಾಕುತ್ತೆ. ಅನಾನಸ್‌ನ ಬ್ರೊಮೆಲೈನ್ ಮಾಡುವುದೂ ಅದೇ ಕೆಲಸ. ರುಬ್ಬಿದ ತಕ್ಷಣ ಗಟಗಟ ಕುಡಿಯುವವರಿಗೆ ಗೊತ್ತಾಗಲ್ಲ, ಹೊತ್ತು ಕಳೆದರೆ ಕಹಿ. ಅಪ್ಪನದು ಅರ್ಧ ಗಂಟೆಯ ಕುಡಿತ. ಹಾಗಾಗಿ ಪಚ್ಚಬಾಳೆ ಒಂದು, ರಸಪುರಿ ಮಾವು ಅರ್ಧ. ಏಲಕ್ಕಿ ಬಾಳೆ ರುಚಿ ಹೌದು, ರುಬ್ಬಿದರೆ ಪಚ್ಚಬಾಳೆಯಷ್ಟು ನುಣ್ಣಗೆ ಬರಲ್ಲ, ರೇಟೂ ಮುಟ್ಟೋ ಹಾಗಿಲ್ಲ. ಬಾಳೆಹಣ್ಣನ್ನು ಸುಲಿದು, ಬಿಲ್ಲೆ ಮಾಡಿ, ಮಧ್ಯಾಹ್ನವೇ ಫ್ರೀಜರಿಗೆ ಹಾಕಿದ್ದೆ. ಐಸ್ ಹಾಕಿದರೆ ಕರಗಿ ನೀರು ನೀರಾಗುತ್ತೆ, ಗಟ್ಟಿಯಾದ ಬಾಳೆಹಣ್ಣಿಗೆ ಆ ರಗಳೆ ಇಲ್ಲ. ಜೇನುತುಪ್ಪ, ಸಕ್ಕರೆ ಎರಡೂ ಇಲ್ಲ, ಅಪ್ಪನ ಶುಗರ್ ಮಾತ್ರೆ ಇನ್ನೂ ನಡೀತಿದೆ. ಸೋಸುವುದೂ ಇಲ್ಲ, ನಾರೆಲ್ಲ ಅವರ ಹೊಟ್ಟೆಗೇ ಹೋಗಲಿ.

ಮೊಸರನ್ನು ಮಾತ್ರ ಕೊನೆಗೆ ಹಾಕಬೇಕು. ಕೆನೆ ಮೊಸರನ್ನು ಹಣ್ಣಿನ ಜೊತೆಗೇ ಹಾಕಿ ಮಿಕ್ಸಿ ಗಿರ್ರ್ ಅಂತ ತಿರುಗಿಸುತ್ತಾ ನಿಂತರೆ ಬೆಣ್ಣೆ ಕಾಳು ಕಾಳಾಗಿ ಮೇಲೆ ತೇಲುತ್ತೆ. ಹಣ್ಣು ಮೊದಲು ಪೂರಾ ನುಣ್ಣಗಾಗಬೇಕು, ಆಮೇಲೆ ಮೊಸರು ಹಾಕಿ ಎರಡು ಸಲ ತಿರುಗಿಸಿದರೆ ಸಾಕು.

ಹಣ್ಣು ನುಣ್ಣಗಾಯಿತು. ಮೊಸರಿನ ಪಾತ್ರೆ ಕೈಯಲ್ಲಿ ಹಿಡಿದಿದ್ದೇನೆ, ಕರೆಂಟು ಹೋಯಿತು.

ಮಳೆ ಆಗಲೇ ಶುರುವಾಗಿತ್ತು. ಕೇರಳಕ್ಕೆ ಮುಂಗಾರು ಇವತ್ತೇ ಬಂತಂತೆ, ಎಂಟು ದಿನ ಮುಂಚೆ. ಕೋಣೆಯಿಂದ ಅಪ್ಪನ ಧ್ವನಿ:

"ಎದುರು ಸಾಲಲ್ಲಿ ಇದೆಯಾ ನೋಡು."

ಕಿಟಕಿಯಿಂದ ನೋಡಿ ಇದೆ ಅಂದೆ.

"ಹಂಗಾದ್ರೆ ಒಂದು ಫೇಸ್ ಹೋಗಿದೆ ಅಷ್ಟೆ. ಮೂಲೆ ಕಂಬದಲ್ಲಿ ಜಂಪ್ ವೈರು ಕಟ್ ಆಗಿರತ್ತೆ, ಇಲ್ಲಾ ಟ್ರಾನ್ಸ್‌ಫಾರ್ಮರಲ್ಲಿ ಫ್ಯೂಸು. ಈ ಮಳೇಲಿ ಹುಡುಗರು ಕಂಬ ಹತ್ತಲ್ಲ, ಹತ್ತಲೂಬಾರದು. ಎಂಟೂವರೆವರೆಗೂ ಆಸೆ ಬಿಡು."

ಇಷ್ಟುದ್ದ ಮಾತು! ಹಲ್ಲಿಲ್ಲದ ಬಾಯಲ್ಲಿ ಜಂಪು ಅನ್ನುವುದು ಜಂಫು ಅಂತ ಕೇಳಿಸಿತು, ಫ್ಯೂಸಿನಲ್ಲಿ ಬರೀ ಗಾಳಿ. ಆದರೂ ನಿಲ್ಲಿಸಲಿಲ್ಲ. ಗೋಡೆ ಹಿಡಿದುಕೊಂಡು ಅಡುಗೆಮನೆಗೇ ಬಂದು ಸ್ಟೂಲ್ ಎಳೆದು ಕೂತರು. ಚಿನ್ನು ಮೊಬೈಲ್ ಟಾರ್ಚ್ ಹಾಕಲು ಹೋದಳು, ಬೇಡ ಅಂತ ಅವಳ ಕೈ ಒತ್ತಿದೆ. ದೇವರ ಕೋಣೆಯ ದೀಪದ ಬೆಳಕು ಅಲ್ಪಸ್ವಲ್ಪ ಇತ್ತು, ಸಾಕು.

"ಏನದು ಮಾಡ್ತಿರೋದು?"

"ಬಾಳೆಹಣ್ಣು, ಮಾವಿನಹಣ್ಣು ರುಬ್ಬಿದೀನಿ ಅಪ್ಪ. ಮೊಸರು ಸೇರಿಸಬೇಕಿತ್ತು."

"ಬಾಳೆಹಣ್ಣಿಗೆ ಮೊಸರಾ?" ಇದು ಅಮ್ಮ, ನಡುಮನೆಯಿಂದ. "ಅದೂ ರಾತ್ರಿ ಹೊತ್ತು. ವಿರುದ್ಧಾಹಾರ ಕಣೇ, ಕಫ ಕಟ್ಟಿಕೊಂಡರೆ ನೀನು ನೋಡ್ಕೋತೀಯಾ?"

"ಪಂಚಾಮೃತಕ್ಕೆ ಏನೇನು ಹಾಕ್ತೀಯೇ?" ಅಂದರು ಅಪ್ಪ.

"ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ. ಗೊತ್ತಿಲ್ವಾ ನಿಮಗೆ?"

"ಮೇಲೆ ಹೆಚ್ಚಿ ಹಾಕೋದು?"

ಅಮ್ಮ ಒಂದು ಗಳಿಗೆ ಸುಮ್ಮನಾದಳು. ಗೆದ್ದೆವು ಅಂದುಕೊಂಡೆ.

"ಅದು ಉದ್ಧರಣೆಯಲ್ಲಿ ಒಂದು ಸಲ ರೀ. ಇದು ಲೋಟದ ತುಂಬ."

ಹೇಗಿದೆ! ಇಷ್ಟು ವರ್ಷ ಆದರೂ ಅವಳ ಮುಂದೆ ನಮ್ಮದೊಂದೂ ನಡೆಯಲ್ಲ. ಹಾಗೆ ನೋಡಿದರೆ ಅವಳ ಕಡೆಗೆ ಸಾಕ್ಷಿಯೂ ಗಟ್ಟಿ ಇದೆ. ಬಾಳೆಹಣ್ಣು ಮಜ್ಜಿಗೆಗೂ ಮೊಸರಿಗೂ ಆಗಿಬರಲ್ಲ ಅಂತ ಆಯುರ್ವೇದದ ವಾಗ್ಭಟ ಅಷ್ಟಾಂಗಹೃದಯದಲ್ಲಿ ಹೆಸರಿಟ್ಟೇ ಹೇಳಿದ್ದಾನೆ. ರಾತ್ರಿ ಮೊಸರು ತಿನ್ನಬಾರದು ಅಂದವನು ಚರಕ. ಆದರೆ ರಾತ್ರಿ ಮೊಸರನ್ನ ಕಲಸಿಕೊಳ್ಳದೆ ಎದ್ದವರು ಈ ಮನೆಯಲ್ಲಿ ಯಾರಿದ್ದಾರೆ? ಅಮ್ಮನೇ ಮೊದಲು. ಶಾಸ್ತ್ರ ನಮ್ಮ ಮನೆಯಲ್ಲಿ ಬೇಕಾದಾಗ ಕಪಾಟಿನಿಂದ ಇಳಿಯುತ್ತೆ, ಬೇಡವಾದಾಗ ಹತ್ತಿ ಕೂರುತ್ತೆ. ಒಂದು ಲೋಟಕ್ಕೆ ಅಪ್ಪನಿಗೆ ಕಫ ಬರುತ್ತೆ ಅಂತ ನಾನಂತೂ ಒಪ್ಪಲ್ಲ. ಊಟ ಬಿಟ್ಟು ಬಿದ್ದುಹೋಗುತ್ತಾರೆ ಅನ್ನುವ ಭಯ ಅದಕ್ಕಿಂತ ದೊಡ್ಡದು.

"ಕಡಗೋಲು ತಾ" ಅಂದರು ಅಪ್ಪ.

"ನಾನು ಮಾಡ್ತೀನಿ ಬಿಡಿ ಅಪ್ಪ."

"ಹೋಗಿರೋದು ಹಲ್ಲು, ಕೈಯಲ್ಲ."

ಹಣ್ಣಿನ ತಿರುಳನ್ನು ಹಿತ್ತಾಳೆ ಪಾತ್ರೆಗೆ ಬಗ್ಗಿಸಹೋದೆ. ಹುಳಿ ಹಾಕ್ತೀಯಲ್ಲೇ ಹಿತ್ತಾಳೆಗೆ ಅಂತ ಅಮ್ಮ ಅಲ್ಲಿಂದಲೇ ಬೈದಳು. ಕತ್ತಲಲ್ಲಿ ಇವಳಿಗೆ ಹೇಗೆ ಕಂಡಿತೋ. ಸ್ಟೀಲ್ ಪಾತ್ರೆಗೆ ಹಾಕಿ, ಮೊಸರು, ಚಿಟಿಕೆ ಏಲಕ್ಕಿ ಪುಡಿ ಸೇರಿಸಿ ಅವರ ಮುಂದಿಟ್ಟೆ. ಪಾತ್ರೆಯನ್ನು ಎರಡು ಪಾದಗಳ ನಡುವೆ ಇರಿಸಿಕೊಂಡು, ಕಡಗೋಲಿನ ಹಿಡಿಯನ್ನು ಅಂಗೈಗಳ ಮಧ್ಯೆ ಉಜ್ಜುತ್ತಾ ತಿರುಗಿಸಿದರು. ಎಡಗೈ ಹೆಬ್ಬೆರಳಿನ ಬುಡದಲ್ಲಿ ಹಗ್ಗ ಜಾರಿ ಸುಟ್ಟ ಹಳೇ ಕಲೆ ದೀಪಕ್ಕೆ ಆಗಾಗ ಹೊಳೆಯುತ್ತಿತ್ತು. ಆ ಕೈಯಲ್ಲಿ ಟವೆಲ್ ಇರಲಿಲ್ಲ. ಅದು ಮಂಚದ ಮೇಲೇ ಉಳಿದಿತ್ತು.

ಆಮೇಲೆ ನಂಜನಗೂಡಿನ ಕಥೆ. ಸರ್ವಿಸಿಗೆ ಸೇರಿದ ಹೊಸತರಲ್ಲಿ ದೇವರಸನಹಳ್ಳಿ ಕಡೆ ಕರೆಂಟಿನ ಲೈನ್ ನೋಡಲು ಹೋದರೆ ತೋಟದವರು ರಸಬಾಳೆ ಕೊಡುತ್ತಿದ್ದರಂತೆ. ಸಿಪ್ಪೆ ಎಲೆಯಷ್ಟು ತೆಳು, ತಿರುಳು ಬೆಣ್ಣೆ, ಹಲ್ಲೇ ಬೇಡ ಅಂದರು. ಅಂದು ಅವರೇ ನಕ್ಕರು. ಆಮೇಲೆ ಪನಾಮ ಸೊರಗು ರೋಗ ಬಂದು ತೋಟಕ್ಕೆ ತೋಟವೇ ಒಣಗಿತು. ಈಗ ಹೆಸರಿಗೆ ಈ ಊರಿನದೇ ಬೆಳೆ ಅನ್ನುವ ಜಿ.ಐ. ಮುದ್ರೆ ಇದೆ, ಮಾರ್ಕೆಟ್ಟಿನಲ್ಲಿ ರಸಬಾಳೆ ಅಂತ ಕೊಡೋದೆಲ್ಲ ರಸಬಾಳೆ ಅಲ್ಲ ಅಂತ ಅವರ ವಾದ. ಚಿನ್ನು ಬಾಯಿಬಿಟ್ಟುಕೊಂಡು ಕೇಳುತ್ತಿದ್ದಳು. ಮಧ್ಯೆ ಮಧ್ಯೆ ಗುಟುಕು. ಸಣ್ಣ ಸಣ್ಣ ಗಂಟು ಉಳಿದಿತ್ತು, ಮಿಕ್ಸಿಯ ನುಣುಪು ಬರಲಿಲ್ಲ, ಅಪ್ಪ ಅದನ್ನು ನಾಲಗೆಯಲ್ಲೇ ಅಂಗುಳಕ್ಕೆ ಒತ್ತಿ ನುಂಗಿದರು.

ಕರೆಂಟು ಎಂಟೂಕಾಲಿಗೇ ಬಂತು. ಟ್ಯೂಬ್‌ಲೈಟ್ ಹತ್ತಿದ್ದೇ ತಡ ಕೈ ಬಾಯಿಗೆ ಹೋಯಿತು. ಎದ್ದು ಕೋಣೆಗೆ ಹೋದರು. ನನಗೆ ಯಾರ ಮೇಲೋ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗದೆ ಮಿಕ್ಸಿ ಜಾರ್ ತಿಕ್ಕಿದೆ.

ಬೆಂಗಳೂರಿಂದ ಇವರ ಫೋನು. ಅರ್ಧ ಮಾವಿನಹಣ್ಣು ಜಾಸ್ತಿಯಾಯಿತು, ಶುಗರ್ ನೋಡು ಅಂದರು. ನೋಡಬೇಕು. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯದ್ದು ಒಂದು, ತಿಂಡಿ ಆಗಿ ಎರಡು ಗಂಟೆ ಬಿಟ್ಟು ಒಂದು. ಜಾಸ್ತಿ ಬಂದರೆ ಮಾವು ನಿಲ್ಲಿಸಿ ಮೊಸರಿನ ಪಾಲು ಹೆಚ್ಚಿಸುವುದು. ಹಾಗಂತ ಅಪ್ಪನಿಗೆ ಹೇಳುವವರು ಯಾರು, ಈಗಷ್ಟೇ ಒಂದು ಲೋಟಕ್ಕೆ ಬಂದಿದ್ದಾರೆ. ಒಸಡು ಒಣಗಿ ಗಟ್ಟಿಯಾಗದೆ ಹಲ್ಲಿನ ಸೆಟ್ಟಿಗೆ ಅಳತೆ ತೆಗೆಯಲ್ಲವಂತೆ, ಅಷ್ಟರಲ್ಲಿ ರಸಪುರಿಯೂ ಮುಗಿಯುತ್ತೆ. ಸಪೋಟ ಸಿಗುತ್ತೆ, ಅದೂ ಸಿಹಿಯೇ. ಬೆಣ್ಣೆಹಣ್ಣು ಆಗಬಹುದೇನೋ, ಸಿಹಿ ಕಮ್ಮಿ, ಮೆತ್ತಗೂ ಇರುತ್ತೆ, ಆದರೆ ಸಪ್ಪೆ ಅಂತ ಅಪ್ಪ ದೂರ ಸರಿಸಿದರೆ, ಚಿಟಿಕೆ ಉಪ್ಪು ಹಾಕಿ, ಒಂಚೂರು ಜೀರಿಗೆ ಹುರಿದು ಪುಡಿ ಮಾಡಿ