ಮೊದಲ ಬಾರಿಗೆ ವಿಮಾನ ಏರುವವರ ಜೊತೆಗೆ

ಬೆಂಗಳೂರಿನಿಂದ ಕಾಶಿಗೆ ಯಾತ್ರಿಕರ ತಂಡಗಳನ್ನು ಕರೆದೊಯ್ಯುವ ಟೂರ್ ಮ್ಯಾನೇಜರ್ ಕೆಲಸ ನನ್ನದು. ತಂಡದಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಅವರಲ್ಲಿ ಹಲವರಿಗೆ ಅದೇ ಮೊದಲ ವಿಮಾನ ಪ್ರಯಾಣ. ಟಿಕೆಟ್, ವಸತಿ, ಊಟ, ವಾಹನಗಳ ವ್ಯವಸ್ಥೆಯನ್ನು ಯಾರಾದರೂ ಕೆಲವು ತಿಂಗಳಲ್ಲಿ ಕಲಿತುಕೊಳ್ಳಬಹುದು. ಹೆದರಿದವರ ಪಕ್ಕದಲ್ಲಿ ಕುಳಿತು ಎರಡೂವರೆ ಗಂಟೆ ಪ್ರಯಾಣ ಮಾಡುವುದು ಹೇಗೆಂದು ತಿಳಿಯುವುದಕ್ಕೆ ಮಾತ್ರ ವರ್ಷಗಳೇ ಬೇಕಾಗುತ್ತವೆ.

ಹೆದರಿದವರನ್ನು ಕಂಡಾಗ ನಮ್ಮೆಲ್ಲರ ಬಾಯಿಗೆ ಮೊದಲು ಬರುವ ಮಾತು "ಏನೂ ಆಗಲ್ಲ, ಸುಮ್ಮನೆ ಕೂತ್ಕೊಳ್ಳಿ" ಎಂಬುದು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವಾದರೂ, ವಿಮಾನದೊಳಗೆ ಈ ಮಾತು ಮರುಗಳಿಗೆಯಲ್ಲೇ ಸುಳ್ಳಾಗುತ್ತದೆ, ಏಕೆಂದರೆ ಅಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಚಕ್ರಗಳು ಒಳಗೆ ಸೇರಿಕೊಳ್ಳುವಾಗ ಕಾಲಡಿಯಲ್ಲಿ ಧಡ್ ಎಂಬ ಸದ್ದಾಗುತ್ತದೆ. ಸುಮಾರು ಒಂದು ನಿಮಿಷದ ಹೊತ್ತಿಗೆ ಎಂಜಿನ್ನಿನ ಶಬ್ದ ಇದ್ದಕ್ಕಿದ್ದಂತೆ ತಗ್ಗುತ್ತದೆ. ಎಂಜಿನ್ ನಿಂತೇ ಹೋಯಿತೆಂದು ಜನ ಕಂಗಾಲಾಗುವುದು ಇಲ್ಲಿಯೇ. ಏನೂ ಆಗುವುದಿಲ್ಲವೆಂದು ನಂಬಿ ಕುಳಿತವರಿಗೆ ಇಂಥ ಒಂದೊಂದು ಸದ್ದೂ ಅಪಾಯದ ಸೂಚನೆಯಾಗಿ ಕೇಳಿಸುತ್ತದೆ, ಜೊತೆಗೆ ಆ ಮಾತು ಹೇಳಿದ ನಮ್ಮ ಮೇಲಿನ ಭರವಸೆಯೂ ಸಡಿಲವಾಗುತ್ತದೆ. ಆದ್ದರಿಂದ ಏನೇನು ಆಗುತ್ತದೆ, ಯಾವುದರ ನಂತರ ಯಾವುದು ಆಗುತ್ತದೆ ಎಂಬುದನ್ನು ಹೊರಡುವ ಮುನ್ನವೇ ವಿವರವಾಗಿ ಹೇಳುವುದನ್ನು ನಾನು ರೂಢಿಸಿಕೊಂಡಿದ್ದೇನೆ. ಘಾಟಿ ಹತ್ತಿ ಮುಗಿಸಿದ ಬಸ್ಸಿನ ಎಂಜಿನ್ ಹೇಗೆ ಹಗುರಾಗುತ್ತದೆಯೋ ವಿಮಾನದ ಎಂಜಿನ್ನಿನ ಶಬ್ದ ತಗ್ಗುವುದೂ ಹಾಗೆಯೇ ಎಂದರೆ ಮಲೆನಾಡಿನ ಕಡೆಯವರಿಗೆ ತಕ್ಷಣ ಅರ್ಥವಾಗುತ್ತದೆ. ಇಳಿದ ಮೇಲೆ ವೇಗ ತಗ್ಗಿಸಲು ಎಂಜಿನ್ ಜೋರಾಗಿ ಮೊರೆಯುತ್ತದೆ, ರೆಕ್ಕೆಯ ಮೇಲಿನ ಹಲಗೆಗಳು ಎದ್ದು ನಿಲ್ಲುತ್ತವೆ ಎಂಬುದನ್ನೂ ಸೇರಿಸುತ್ತೇನೆ. ಮೊದಲೇ ತಿಳಿದ ಸದ್ದು ಬಂದಾಗ "ನೀವು ಹೇಳಿದ್ದು ಇದೇ ಅಲ್ಲವಾ?" ಎಂದು ಅವರೇ ನನ್ನ ಕಡೆ ತಿರುಗುತ್ತಾರೆ.

ಕಿವಿ ಕಟ್ಟುವುದರ ಬಗ್ಗೆಯೂ ಹೇಳಲೇಬೇಕು. ವಿಮಾನ ಮೂವತ್ತು ಸಾವಿರ ಅಡಿಗಿಂತ ಮೇಲೆ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟು ಕಾಯ್ದುಕೊಂಡಿರುತ್ತಾರೆ, ಅಂದರೆ ಹೆಚ್ಚುಕಡಿಮೆ ಊಟಿಯಲ್ಲಿ ಇರುವಷ್ಟು. ಕೆಳಗಿಳಿಯುವಾಗ ಈ ಒತ್ತಡ ಮತ್ತೆ ಏರುವುದರಿಂದ ಕಿವಿ ನೋಯುತ್ತದೆ. ಉಗುಳು ನುಂಗಿದರೆ ಅಥವಾ ಗುಟುಕು ಗುಟುಕಾಗಿ ನೀರು ಕುಡಿದರೆ ಸಡಿಲವಾಗುತ್ತದೆ. ನಿದ್ದೆಯಲ್ಲಿರುವವರು ಅಷ್ಟಾಗಿ ನುಂಗುವುದಿಲ್ಲವಾದ್ದರಿಂದ ಇಳಿಯುವ ಮೊದಲು ಅವರನ್ನು ಎಬ್ಬಿಸುತ್ತೇನೆ.

ಆದರೆ ನಿಜವಾದ ಆತಂಕ ಬಹಳ ಸಲ ವಿಮಾನ ಏರುವ ಮೊದಲೇ, ಭದ್ರತಾ ತಪಾಸಣೆಯಲ್ಲಿ ಶುರುವಾಗುತ್ತದೆ. ಮಾಂಗಲ್ಯ, ಬಳೆ, ಮಂಡಿಯೊಳಗಿನ ಲೋಹದ ಕೀಲು, ಯಾವುದಕ್ಕಾದರೂ ಯಂತ್ರ ಬೀಪ್ ಎನ್ನಬಹುದು. ಸಾಲಿನಲ್ಲಿ ಎಲ್ಲರ ಎದುರು ಆ ಸದ್ದು ಬಂದಾಗ ತಾವೇನೋ ತಪ್ಪು ಮಾಡಿದೆವೆಂದು ಹಿರಿಯರು ಕುಗ್ಗಿಹೋಗುತ್ತಾರೆ, ತಾಳಿ ತೆಗೆಯಬೇಕೇನೋ ಎಂದು ಕೆಲವರ ಕಣ್ಣಲ್ಲಿ ನೀರು ಬಂದದ್ದನ್ನೂ ನೋಡಿದ್ದೇನೆ. ಮಹಿಳೆಯರನ್ನು ಪರದೆಯ ಮರೆಯಲ್ಲಿ ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡುತ್ತಾರೆ, ಲೋಹದ ವಸ್ತು ಇದ್ದರೆ ಯಂತ್ರ ಯಾರಿಗಾದರೂ ಸದ್ದು ಮಾಡುತ್ತದೆ ಎಂಬುದನ್ನು ಹಿಂದಿನ ದಿನದ ಫೋನಿನಲ್ಲೇ ತಿಳಿಸಿದರೆ ಈ ಸಂಕಟದ ಮುಕ್ಕಾಲು ಭಾಗ ತಪ್ಪುತ್ತದೆ. ವಿಮಾನದೊಳಗಿನ ಪ್ರಕಟಣೆಗಳು ಬಹುಪಾಲು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಇರುವುದೂ ಭಯವನ್ನು ಹೆಚ್ಚಿಸುತ್ತದೆ. ಅರ್ಥವಾಗದ ಭಾಷೆಯ ಗಡಸು ಧ್ವನಿ ಮೈಕಿನಲ್ಲಿ ಕೇಳಿಬಂದರೆ ಏನೋ ಎಡವಟ್ಟಾಗಿದೆ ಎಂದೇ ಯಾರಿಗಾದರೂ ಅನಿಸುವುದು ಸಹಜ. ಬೆಂಗಳೂರಿನಿಂದ ಹೊರಡುವ ವಿಮಾನದಲ್ಲಿ ಕನ್ನಡದ ಪ್ರಕಟಣೆ ಇರಲೇಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಅದು ಇಲ್ಲದಾಗ ಅಕ್ಕಪಕ್ಕದ ಸಾಲುಗಳಿಗೆ ಕೇಳಿಸುವಂತೆ ನಾನೇ ಕನ್ನಡದಲ್ಲಿ ಹೇಳುತ್ತೇನೆ.

ಆಸನಗಳ ವಿಚಾರದಲ್ಲೂ ಎಚ್ಚರ ಬೇಕು. ರೆಕ್ಕೆಯ ಸಮೀಪದ ಸಾಲುಗಳಲ್ಲಿ ಕುಲುಕಾಟ ಕಡಿಮೆ, ಬಾಲದ ಕಡೆ ಹೆಚ್ಚು. ತುರ್ತು ನಿರ್ಗಮನದ ಸಾಲು ಮಾತ್ರ ವಯಸ್ಸಾದವರಿಗೆ ಆಗದು. ಇದಕ್ಕಿಂತ ಮುಖ್ಯವಾದದ್ದು ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದು. ಹೆಂಡತಿ ಹೆದರಿದ್ದಕ್ಕೆ ನಾಚಿಕೊಂಡು "ಎಲ್ಲರೂ ನೋಡ್ತಿದ್ದಾರೆ, ಸ್ವಲ್ಪ ಸುಮ್ಮನಿರು" ಎಂದು ಗದರುವ ಯಜಮಾನರಿಗಿಂತ, ಹಿಂದೊಮ್ಮೆ ತಾನೂ ಹೀಗೆಯೇ ಹೆದರಿದ್ದೆನೆಂದು ಹೇಳಿಕೊಳ್ಳುವ ಅಪರಿಚಿತ ಹೆಂಗಸೇ ಎಷ್ಟೋ ಮೇಲು. ಯಜಮಾನರ ಮನಸ್ಸು ನೋಯದ ಹಾಗೆ ಅವರಿಗೆ ಕಿಟಕಿಯ ಪಕ್ಕದ ಆಸನ ಕೊಟ್ಟು ಒಂದು ಸಾಲು ಮುಂದೆ ಕೂರಿಸುವುದುಂಟು.

ಡಿಸೆಂಬರ್, ಜನವರಿಯಲ್ಲಿ ವಾರಾಣಸಿಯ ಮಂಜಿನಿಂದಾಗಿ ವಿಮಾನಗಳು ತಡವಾಗುತ್ತವೆ. ಆಗ ಕಾಯುವ ಹೊತ್ತಿನಲ್ಲಿ ಮನೆಯವರ ಕರೆಗಳು ಒಂದರ ಹಿಂದೆ ಒಂದು ಬರುತ್ತವೆ. "ಅಮ್ಮ, ಹುಷಾರು, ಭಯಪಡಬೇಡ" ಎಂದು ಮಗ, ಅನಂತರ ಮಗಳು, ಆಮೇಲೆ ಸೊಸೆ ಹೇಳುತ್ತಾ ಹೋದ ಹಾಗೆ, ಅಲ್ಲಿಯವರೆಗೆ ನೆಮ್ಮದಿಯಾಗಿ ಕೂತಿದ್ದವರೂ ಭಯಪಡಲು ಏನೋ ಕಾರಣವಿರಬೇಕೆಂದು ಯೋಚಿಸತೊಡಗುತ್ತಾರೆ. ಹೀಗಾಗಿ ಪ್ರತಿ ಕುಟುಂಬಕ್ಕೂ ಹಿಂದಿನ ದಿನವೇ ನಾನೊಂದು ಸಂದೇಶ ಕಳುಹಿಸುತ್ತೇನೆ: ವಿಮಾನ ತಡವಾದರೆ ನಾನೇ ತಿಳಿಸುತ್ತೇನೆ, ಅಮ್ಮನಿಗೆ ಕರೆ ಮಾಡಿದರೆ ತಿಂಡಿ ಆಯಿತೇ ಎಂದು ಮಾತ್ರ ಕೇಳಿ, ಉಳಿದದ್ದನ್ನು ಕಾಶಿ ತಲುಪಿದ ಮೇಲೆ ಅವರೇ ಹೇಳುತ್ತಾರೆ.